ಹಾಕಲಾಗುತ್ತದೆ ಅಂದರೆ ಹಾಕೋದು ಯಾರು?

ಹೋದ ಶನಿವಾರ ನಮ್ಮ ಬರವಣಿಗೆ ತರಗತಿ ಮುಗಿಯಿತು. ಒಟ್ಟು 22 ಶನಿವಾರ. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಮಧ್ಯಾಹ್ನ ಎರಡಕ್ಕೆ ಶುರುವಾಗಿ ನಾಲ್ಕೂವರೆಗೆ ಬಿಡುತ್ತಿತ್ತು. ನಾನು ಶಿಡ್ಲಘಟ್ಟದ ಕಡೆಯ ಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದೆ. ಪರೀಕ್ಷೆ ಇಲ್ಲ, ಅಂಕ ಇಲ್ಲ, ಇಷ್ಟ ಇದ್ದವರು ಬನ್ನಿ ಅಂದಿದ್ದರು. ಮೊದಲನೇ ವಾರ ಮೂವತ್ತು ಜನ ಇದ್ದೆವು. ಕೊನೆಗೆ ಉಳಿದದ್ದು ಹನ್ನೊಂದು ಜನ.

ಕೊನೆಯ ದಿನ ಮೇಡಂ ಒಂದೇ ಕೆಲಸ ಕೊಟ್ಟರು. "ಮೊದಲನೇ ದಿನ ಬರೆದದ್ದು, ಈಗ ಬರೆದದ್ದು, ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಓದಿ. ಏನು ಬದಲಾಗಿದೆ ಅಂತ ಬರೀರಿ. ನನ್ನನ್ನ ಹೊಗಳಬೇಡಿ. ನಿಮ್ಮನ್ನ ನೀವು ಬೈಕೊಳ್ಳಲೂಬೇಡಿ."

ಎರಡು ದಿನದಿಂದ ನೋಟ್‌ಬುಕ್ಕುಗಳನ್ನು ಹರಡಿಕೊಂಡು ಕೂತಿದ್ದೇನೆ. ಮೊದಲ ದಿನದ ಪುಟ ನೀಲಿ ಇಂಕಿನಲ್ಲಿದೆ, ಅಕ್ಷರ ದುಂಡಗಿದೆ. ವಿಷಯ ನಂದಿ ಬೆಟ್ಟದ ಸೂರ್ಯೋದಯ. ಶುರು ಹೀಗಿದೆ: "ಮುಂಜಾನೆಯ ಮಂಜಿನ ಮುಸುಕನ್ನು ಸರಿಸಿ ನೇಸರನು ತನ್ನ ಹೊಂಗಿರಣಗಳಿಂದ ನಂದಿಗಿರಿಯ ನೆತ್ತಿಯನ್ನು ಚುಂಬಿಸುತ್ತಿರಲು, ಪ್ರಕೃತಿಮಾತೆಯ ಮಡಿಲಲ್ಲಿ ಮೈಮರೆತ ಎನ್ನ ಮನವು ಹಕ್ಕಿಯಂತೆ ಹಾರಾಡಿತು."

ಹೈಸ್ಕೂಲಿನಲ್ಲಿ ಇಂಥ ವಾಕ್ಯಗಳಿಗೇ ನನಗೆ ರಾಜ್ಯೋತ್ಸವದ ಪ್ರಬಂಧ ಸ್ಪರ್ಧೆಯಲ್ಲಿ ಎರಡು ಸಲ ಬಹುಮಾನ ಬಂದಿತ್ತು. ಒಂದು ಸ್ಟೀಲ್ ಡಬ್ಬಿ, ಒಂದು ನಿಘಂಟು. ಹಾಗಾಗಿ ಧೈರ್ಯವಾಗಿ ಎದ್ದು ನಿಂತು ಓದಿದೆ. ಮೇಡಂ ಪೂರ್ತಿ ಕೇಳಿಸಿಕೊಂಡರು.

"ಯಾವತ್ತು ಹೋಗಿದ್ದೆಯಮ್ಮ ಬೆಟ್ಟಕ್ಕೆ?"

"ಎಂಟನೇ ಕ್ಲಾಸಲ್ಲಿ ಮೇಡಂ, ಸ್ಕೂಲಿಂದ. ಮಧ್ಯಾಹ್ನ ಕರ್ಕೊಂಡು ಹೋಗಿದ್ರು."

"ಸೂರ್ಯ ಹುಟ್ಟೋದನ್ನ ಅಲ್ಲಿಂದ ನೋಡಿಲ್ವಾ?"

"ಇಲ್ಲ ಮೇಡಂ."

"ದಿನಾ ಆ ಹೊತ್ತಿಗೆ ನೀನು ಎಲ್ಲಿರ್ತೀಯ?"

"ತೋಟದಲ್ಲಿ. ಸೊಪ್ಪು ಕುಯ್ಯೋಕೆ."

ಯಾರೂ ನಗಲಿಲ್ಲ. ಅವರೂ ಏನೂ ಹೇಳಲಿಲ್ಲ, ಮುಂದಿನವರನ್ನು ಓದಲು ಕರೆದರು. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಯೋಚನೆ. ಶನಿವಾರ, ಭಾನುವಾರ ಬಂದರೆ ಬೆಂಗಳೂರಿನಿಂದ ಬೆಳಗಿನ ಜಾವವೇ ಕಾರು, ಬೈಕುಗಳು ಸಾಲುಗಟ್ಟಿ ನಂದಿಗೆ ಬರುತ್ತವೆ, ಸೂರ್ಯ ಹುಟ್ಟುವುದನ್ನು ನೋಡಲು. 1478 ಮೀಟರ್ ಎತ್ತರದ ಆ ಬೆಟ್ಟವನ್ನು ನೋಡಿಕೊಂಡೇ ಬೆಳೆದವಳು ನಾನು. ಅಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ನನ್ನ ಕೈಯಲ್ಲಿ ಕುಡುಗೋಲು ಇರುತ್ತದೆ. ಇಬ್ಬನಿಯಲ್ಲಿ ಲಂಗದ ಅಂಚು ನೆನೆದು ಕಾಲಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಟ್ಟು ನಾನು ಕಾಣದ ಸೂರ್ಯನನ್ನು ಬರೆದಿದ್ದೆ.

ನಮ್ಮ ಮನೆಯಲ್ಲಿ ರೇಷ್ಮೆ ಹುಳ ಮೇಯಿಸುತ್ತೇವೆ. ನನಗೆ ತಿಳುವಳಿಕೆ ಬಂದಾಗಿನಿಂದಲೂ ಅದೇ ಕಸುಬು. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಒಂದು ಹುಳದ ಮನೆ, ಒಂದು ಬೆಳೆಗೆ ನೂರು ಮೊಟ್ಟೆ. ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳ ಇಡೀ ಗುಂಪು. ಮುಂದಿನ ವಾರ ಇದನ್ನೇ ಬರೆಯೋಣ ಅಂತ ಕೂತೆ. ಮನೆಯಲ್ಲಿ ರೇಷ್ಮೆ ಇಲಾಖೆಯವರು ಕೊಟ್ಟ ಒಂದು ಹಳೇ ಪುಸ್ತಿಕೆ ಇತ್ತು, ಅದನ್ನೂ ಪಕ್ಕದಲ್ಲಿ ಇಟ್ಟುಕೊಂಡೆ. ಒಂದು ಪುಟ ತುಂಬಿತು. ಎಲ್ಲ ಸರಿಯಾಗಿತ್ತು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಐದನೇ ಹಂತದಲ್ಲಿ ಒಟ್ಟು ಸೊಪ್ಪಿನ ಹೆಚ್ಚಿನ ಪಾಲನ್ನು ತಿನ್ನುತ್ತದೆ, 25ರಿಂದ 28 ದಿನಕ್ಕೆ ಗೂಡು ಕಟ್ಟಲು ತಯಾರಾಗುತ್ತದೆ. "ದಿನಕ್ಕೆ ಮೂರು ಬಾರಿ ಸೊಪ್ಪನ್ನು ಹಾಕಲಾಗುತ್ತದೆ. ಹಾಸಿಗೆಯನ್ನು ಸ್ವಚ್ಛಗೊಳಿಸಲಾಗುತ್ತದೆ. ಸುಣ್ಣದ ಪುಡಿಯನ್ನು ಉದುರಿಸಲಾಗುತ್ತದೆ. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡಲಾಗುತ್ತದೆ." ಚಂದ್ರಿಕೆ ಅಂದರೆ ಹುಳ ಗೂಡು ಕಟ್ಟಲು ಬಿಡುವ ತಟ್ಟೆ.

ಈ ಸಲ ಮೇಡಂ ಬೇಜಾರು ಮಾಡಿಕೊಳ್ಳಲ್ಲ ಅಂದುಕೊಂಡಿದ್ದೆ. ಪುಟ ವಾಪಸ್ ಬಂದಾಗ ಏಳು ಕಡೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು. ಏಳೂ "ಲಾಗುತ್ತದೆ". ಪಕ್ಕದಲ್ಲಿ ಏಳು ಸಲ ಒಂದೇ ಮಾತು: "ಯಾರು?"

ಆವತ್ತು ಅವರು ಅರ್ಧ ಗಂಟೆ ಇದರ ಮೇಲೇ ಮಾತಾಡಿದರು. ಅನ್ನವನ್ನು ಬಡಿಸಲಾಗಿದೆ ಅಂತ ನಿಮ್ಮ ಮನೇಲಿ ಯಾರಾದ್ರೂ ಹೇಳ್ತಾರಾ? ಬಡಿಸಿದ್ದೀನಿ, ಬಾ ಅಂತಾರೆ. ಕನ್ನಡದಲ್ಲಿ ಕರ್ತೃ ಬಿಟ್ಟರೂ ವಾಕ್ಯ ನಿಲ್ಲುತ್ತದೆ, ಯಾಕೆಂದರೆ ಕ್ರಿಯಾಪದದ ಬಾಲದಲ್ಲೇ ಯಾರು ಅಂತ ಇರುತ್ತದೆ. ಬಂದೆ ಅಂದರೆ ನಾನು, ಬಂದಳು ಅಂದರೆ ಅವಳು. "ಹಾಕಲಾಗುತ್ತದೆ" ಅಂದಾಗ ಆ ಬಾಲವನ್ನೂ ಕತ್ತರಿಸಿ ಹಾಕಿದ ಹಾಗೆ. ಕಚೇರಿ ಆದೇಶಗಳಲ್ಲಿ ಅದು ಬೇಕಾಗಬಹುದು. ತೀರ್ಮಾನಿಸಲಾಯಿತು, ತಡೆಹಿಡಿಯಲಾಗಿದೆ, ಮುಂದೂಡಲಾಗಿದೆ. ಅಲ್ಲಿ ಯಾರು ಮಾಡಿದರು ಅಂತ ಹೇಳದೇ ಇರುವುದಕ್ಕೇ ಅದು ಇರೋದು. "ನಿನಗೆ ಮುಚ್ಚಿಡೋದು ಏನಿದೆ?" ಅಂತ ನನ್ನ ಕಡೆ ನೋಡಿ ಕೇಳಿದರು.

ಬೆಂಚಿನಲ್ಲೇ ಕೂತು ಏಳು ಸುತ್ತಿಗೂ ಉತ್ತರ ಬರೆದೆ. ಅಮ್ಮ. ಅಮ್ಮ. ಅಮ್ಮ. ಅಪ್ಪ. ಅಮ್ಮ. ನಾನು. ಎಲ್ಲರೂ.

ಆ ಪುಟ ಈಗಲೂ ನನ್ನ ಹತ್ತಿರ ಇದೆ. ಬೇರೆ ಯಾವ ಪುಟ ಕಳೆದರೂ ಪರವಾಗಿಲ್ಲ, ಇದು ಕಳೆಯಬಾರದು. ನಮ್ಮಮ್ಮನ ಇಪ್ಪತ್ತು ವರ್ಷದ ಕೆಲಸದ ಬಗ್ಗೆ ಒಂದು ಇಡೀ ಪುಟ ಬರೆದು, ಅದರಲ್ಲಿ ಅಮ್ಮನನ್ನೇ ಬಿಟ್ಟಿದ್ದೆ. ಬೇಕು ಅಂತ ಬಿಟ್ಟದ್ದಲ್ಲ. ಆ ಕನ್ನಡದೊಳಗೆ ಅಮ್ಮನಿಗೆ ಕಾಲಿಡಲು ಜಾಗವೇ ಇರಲಿಲ್ಲ.

ಅಮ್ಮನನ್ನು ಒಳಗೆ ತರಬೇಕು ಅಂತ ಹೊರಟಾಗ ಇನ್ನೊಂದು ಗೊತ್ತಾಯಿತು. ಅಮ್ಮ ಏನು ಮಾಡುತ್ತಾಳೆ ಅಂತ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಪಕ್ಕದಲ್ಲೇ ಇದ್ದೆ, ಸೊಪ್ಪು ಕುಯ್ದಿದ್ದೆ, ಕಸ ತೆಗೆದಿದ್ದೆ, ಗೂಡು ಬಿಡಿಸಿದ್ದೆ. ಆದರೂ ಪೆನ್ನು ಹಿಡಿದು ಎರಡನೇ ವಾಕ್ಯಕ್ಕೆ ಬಂದಾಗ ನಿಂತು ಹೋಗುತ್ತಿತ್ತು. ಮುಂಚೆ ಆ ಥರ ನಿಂತ ಕಡೆಯೆಲ್ಲ ನಾನು ಒಂದು ದೊಡ್ಡ ಪದ ಇಡುತ್ತಿದ್ದೆ. ಅವಿರತ ಶ್ರಮ, ತ್ಯಾಗಮಯಿ, ಅಪಾರ ಅನುಭವ. ಗೋಡೆಯ ಬಿರುಕಿಗೆ ಕ್ಯಾಲೆಂಡರ್ ನೇತು ಹಾಕಿದ ಹಾಗೆ. ಈಗ ಹಳೇ ನೋಟ್‌ಬುಕ್ ತಿರುವಿ ನೋಡಿದರೆ ಪ್ರತಿ ದೊಡ್ಡ ಪದದ ಹಿಂದೆಯೂ ನನಗೆ ಗೊತ್ತಿಲ್ಲದ ಒಂದು ಸಂಗತಿ ಕೂತಿರುವುದು ಕಾಣುತ್ತದೆ.

ಹಾಗಾಗಿ ಕೇಳಲು ಶುರು ಮಾಡಿದೆ. ಕೈಯಲ್ಲಿ ನೋಟ್‌ಬುಕ್ ಹಿಡಿದರೆ ಅಮ್ಮ ಮಾತು ನಿಲ್ಲಿಸುತ್ತಿದ್ದಳು. ಅದಕ್ಕೆ ಕೆಲಸ ಮಾಡುತ್ತಲೇ ಕೇಳುತ್ತಿದ್ದೆ, ಆಮೇಲೆ ಬಂದು ಬರೆದುಕೊಳ್ಳುತ್ತಿದ್ದೆ.

"ರಾತ್ರಿ ದೀಪ ಹಾಕದೇನೇ ಸೊಪ್ಪು ಖಾಲಿ ಆಯ್ತು ಅಂತ ಹೆಂಗೆ ಗೊತ್ತಾಗ್ತದೆ ನಿಂಗೆ?"

"ಸದ್ದು ನಿಲ್ತದಲ್ಲ."

ಐದನೇ ಹಂತದ ಹುಳ ಸೊಪ್ಪು ತಿನ್ನುವಾಗ ಸಣ್ಣ ಮಳೆ ಹಿಡಿದ ಹಾಗೆ ಸದ್ದು ಬರುತ್ತದೆ, ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಮ್ಮನಿಗೆ ಅದರಲ್ಲೂ ವ್ಯತ್ಯಾಸ ಗೊತ್ತು. ಎಳೇ ಸೊಪ್ಪಿಗೆ ಒಂದು ಸದ್ದು, ಬಲಿತ ಸೊಪ್ಪಿಗೆ ಒಂದು. ಸೊಪ್ಪು ಮುಗಿದು ಬರೀ ಕಡ್ಡಿ ಉಳಿದಾಗ ಹುಳ ಕಡ್ಡಿ ಮೇಲೆ ಹರಿದಾಡುವ ಸದ್ದೇ ಬೇರೆ. ಪಕ್ಕದ ಕೋಣೆಯಲ್ಲಿ ಮಲಗಿ ಇಷ್ಟನ್ನೂ ಕೇಳಿಸಿಕೊಳ್ಳುತ್ತಾಳೆ.

ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಜ್ವರಕ್ಕೆ ಕೂತ ಹುಳ ತಲೆ ಮೇಲೆತ್ತಿ ಅಲ್ಲಾಡದೆ ಇರುತ್ತದೆ, ಏನೂ ತಿನ್ನುವುದಿಲ್ಲ. ಆಗ ಸೊಪ್ಪು ಹಾಕಬಾರದು. ತಟ್ಟೆ ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸಿ ಸುಮ್ನೆ ಬಿಡಬೇಕು. ಪುಸ್ತಿಕೆಯಲ್ಲಿ ಇಷ್ಟು ಇತ್ತು. ಅಮ್ಮ ಹೇಳಿದ್ದು ಇನ್ನೊಂದು ಇತ್ತು: ಎಲ್ಲ ಹುಳವೂ ಒಟ್ಟಿಗೆ ಏಳುವುದಿಲ್ಲ. ಮೊದಲು ಎದ್ದವು ಹಸಿದಿರುತ್ತವೆ. ಪಾಪ ಅಂತ ಅವಕ್ಕೆ ಸೊಪ್ಪು ಹಾಕಿದರೆ ಅವು ಮುಂದೆ ಹೋಗಿ, ಮಿಕ್ಕವು ಹಿಂದೆ ಬಿದ್ದು, ಇಡೀ ಬೆಳೆ ಏರುಪೇರಾಗುತ್ತದೆ. ಹೆಚ್ಚಿನವು ಏಳುವ ತನಕ ಹಸಿದವನ್ನು ನೋಡಿಕೊಂಡು ಕಾಯಬೇಕು. "ಅದೇ ಕಷ್ಟ ಕಣೇ. ಕೈ ಕಟ್ಕೊಂಡು ನಿಂತ್ಕೊಳ್ಳೋದು" ಅಂದಳು. ಅವಿರತ ಶ್ರಮ ಅಂತ ಬರೆದಿದ್ದವಳು ನಾನು. ಅಮ್ಮನಿಗೆ ಕಷ್ಟ ಅನ್ನಿಸಿದ್ದು ಏನೂ ಮಾಡದೆ ನಿಲ್ಲುವ ಆ ಒಂದು ಹೊತ್ತು.

ನಡುವೆ ಒಂದು ತಿಂಗಳು ನಾನು ಮುಂದಕ್ಕೆ ಹೋಗಲಿಲ್ಲ, ಹಿಂದಕ್ಕೆ ಹೋದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಉದ್ದ ವಾಕ್ಯ ಬರೆದರೆ ಓದುವವರು ಎಲ್ಲವನ್ನೂ ತಲೆ ಮೇಲೆ ಹೊತ್ತುಕೊಂಡು ಕೊನೇ ತನಕ ನಡೆಯಬೇಕು, ಅದಕ್ಕೆ ಮುರಿದು ಬರೀರಿ ಅಂತ ಮೇಡಂ ಹೇಳಿದ್ದರು. ನಾನು ಎಲ್ಲವನ್ನೂ ಮುರಿದೆ. ಅಮ್ಮ ಎದ್ದಳು. ತೋಟಕ್ಕೆ ಹೋದಳು. ಸೊಪ್ಪು ಕುಯ್ದಳು. ಹೊರೆ ಕಟ್ಟಿದಳು. ಒಂದನೇ ಕ್ಲಾಸಿನ ಪಾಠದ ಥರ ಆಯಿತು. ತಪ್ಪಿರಲಿಲ್ಲ, ಜೀವವೂ ಇರಲಿಲ್ಲ. ಮೂರು ವಾರ ಇದೇ ಆದಾಗ ಬರೆಯುವುದನ್ನೇ ಬಿಟ್ಟೆ. ಸಂಜೆ ಸುಮ್ನೆ ಕೂತಿರುತ್ತಿದ್ದೆ. ಏನಾಗಿದೆ ಇವಳಿಗೆ ಅಂತ ಅಪ್ಪ ಕೇಳಿದ್ದಕ್ಕೆ ಅಮ್ಮ, "ಜ್ವರಕ್ಕೆ ಕೂತವ್ಳೆ, ಬಿಡಿ, ಎದ್ದೇಳ್ತಾಳೆ" ಅಂದದ್ದು ಒಳಗಿನಿಂದ ಕೇಳಿಸಿತು.

ಆ ಗಂಟು ಬಿಚ್ಚಿದ್ದೂ ಅಮ್ಮನ ಮಾತೇ. ಒಂದು ದಿನ ಪಕ್ಕದ ಮನೆಯ ಅತ್ತೆಗೆ ಹಿಂದಿನ ದಿನದ ಕಥೆ ಹೇಳುತ್ತಿದ್ದಳು. "ನಾಕು ಗಂಟೆಗೆ ಎದ್ದು, ಮುಖಕ್ಕೆ ನೀರು ಹಾಕ್ಕೊಂಡು, ಬ್ಯಾಟ್ರಿ ಹಿಡ್ಕೊಂಡು ಹೋಗಿ, ಎರಡು ಸಾಲು ಕುಯ್ದು, ಹೊರೆ ಕಟ್ಟಿ, ಎತ್ತೋರಿಲ್ದೆ ಬದುವಿಗೆ ಒರಗಿಸಿ ನಾನೇ ತಲೆಗೆ ಎತ್ಕೊಂಡು ಬಂದು, ಹಾಕಿ, ಆಮೇಲೆ ಕೂತೆ." ಒಂದೇ ಉಸಿರು. ಇದು ಉದ್ದ ವಾಕ್ಯವೇ ಅಲ್ವಾ? ಆದರೆ ಎಲ್ಲೂ ತೊಡರುವುದಿಲ್ಲ. ಎದ್ದು, ಹೋಗಿ, ಕುಯ್ದು, ಕಟ್ಟಿ ಅಂತ ಕೆಲಸ ನಡೆದ ಕ್ರಮದಲ್ಲೇ ಮಾತೂ ನಡೆಯುತ್ತದೆ. ನಡುವೆ ಕೂರಲು ಬಿಡುವಿಲ್ಲದ ಕೆಲಸಕ್ಕೆ ನಡುವೆ ಪೂರ್ಣವಿರಾಮ ಇಡಬಾರದು. "ಆಮೇಲೆ ಕೂತೆ" ಅಂದಾಗ ಕೇಳುವವರಿಗೂ ಕೂತ ಹಾಗೆ ಆಗುತ್ತದೆ. ಅದನ್ನು ಹಾಗೇ ಬರೆದುಕೊಂಡು ಹೋದೆ. ಮೇಡಂ ಓದಿ, "ಇದನ್ನ ಮುರೀಬೇಡ" ಅಂದರು. ನಾನು ಕಲಿತ ವ್ಯಾಕರಣದಲ್ಲೆಲ್ಲ ಇದು ನನಗೆ ತುಂಬಾ ಬೆಲೆಯುಳ್ಳದ್ದು.

ಭಾಷೆಯ ವಿಷಯದಲ್ಲಿ ನನಗೊಂದು ಅಳುಕು ಇತ್ತು. ನಮ್ಮ ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಅಜ್ಜಿ ಪೂರ್ತಿ ತೆಲುಗು. ಚಿಂತಾಮಣಿ, ಬಾಗೇಪಲ್ಲಿ ಕಡೆಯಿಂದ ಬರುವವರದೂ ಹೆಚ್ಚುಕಡಿಮೆ ಹೀಗೇ. ತರಗತಿಯಲ್ಲಿ ಚೊಕ್ಕ ಕನ್ನಡ ಮಾತಾಡುವ ಹುಡುಗರು ಇದ್ದರು, ಅವರೆದುರು ಬಾಯಿ ಬಿಡಲು ಹಿಂಜರಿಯುತ್ತಿದ್ದೆ. ದೊಡ್ಡ ಪದಗಳ ಹಿಂದೆ ಅಡಗಲು ಅದೂ ಒಂದು ಕಾರಣ ಅಂತ ಈಗ ಅನ್ನಿಸುತ್ತದೆ. ಒಂದು ಶನಿವಾರ ಮೇಡಂ ಮಾಸ್ತಿ ವೆಂಕಟೇಶ ಅಯ್ಯಂಗಾರರ ಬಗ್ಗೆ ಹೇಳಿದರು. 1891ರಲ್ಲಿ ಹುಟ್ಟಿದವರು, ಮಾಲೂರು ತಾಲ್ಲೂಕಿನ ಮಾಸ್ತಿಯವರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗುವ ತನಕ ನಮ್ಮೂರೂ ಮಾಸ್ತಿಯೂ ಒಂದೇ ಕೋಲಾರ ಜಿಲ್ಲೆಯಲ್ಲಿದ್ದವು. ಅವರ ಮನೆಮಾತು ತಮಿಳು. ಕನ್ನಡದ ಸಣ್ಣಕಥೆಗೆ ದಾರಿ ಹಾಕಿದವರು, ಜ್ಞಾನಪೀಠ ಪಡೆದವರು ಅವರು. ಬೇಂದ್ರೆಯವರ ಮನೆಮಾತು ಮರಾಠಿ. ಇದು ಎಷ್ಟೋ ಜನಕ್ಕೆ ಗೊತ್ತಿರುವ ಸಂಗತಿ, ನನಗೆ ಆವತ್ತೇ ಗೊತ್ತಾದದ್ದು. ಆವತ್ತಿನಿಂದ ಆ ಅಳುಕು ಅರ್ಧ ಇಳಿಯಿತು.

ಮಿಕ್ಕರ್ಧ ಇಳಿದದ್ದು ಅಜ್ಜಿಯಿಂದ. ತೆಲುಗಿನಲ್ಲಿ ಎಲೆಗೆ ಆಕು ಅಂತಾರೆ. ನಮ್ಮ ಕಡೆ ಮಾತಿನಲ್ಲಿ ಹಕಾರ ಬಿದ್ದು ಹೋಗಿ "ಹಾಕು" ಕೂಡ "ಆಕು" ಆಗುತ್ತದೆ. ಅಜ್ಜಿ ಎರಡು ಭಾಷೆ ಬೆರೆಸಿ ದಿನಾ ಸಂಜೆ ಕೇಳುತ್ತಾಳೆ: "ಆಕು ಆಕಿದ್ಯಾ?" ಎಲೆ ಹಾಕಿದೆಯಾ ಅಂತ. ಹುಟ್ಟಿದಾಗಿನಿಂದ ಕೇಳಿದ ಮಾತು, ಅದರಲ್ಲಿ ಎರಡು ಭಾಷೆ ಒಂದೇ ಸದ್ದಿನಲ್ಲಿ ಕೂತಿವೆ ಅಂತ ಒಂದು ದಿನವೂ ಗಮನಿಸಿರಲಿಲ್ಲ. ಅದನ್ನು ಬರಹದಲ್ಲಿ ಇಡಬಹುದಾ ಅಂತ ಕೇಳಿದೆ. ಮೇಡಂ ಬೋರ್ಡಿನ ಮೇಲೆ ಬರೆದು ಎಲ್ಲರಿಗೂ ಓದಿ ಹೇಳಿಸಿದರು. ಗುಡಿಬಂಡೆಯ ಹುಡುಗ, "ನಮ್ಮಜ್ಜಿನೂ ಹಿಂಗೇ ಅಂತಾರೆ" ಅಂದ.

ಎಲ್ಲವೂ ಸರಿಹೋಗಿದೆ ಅಂತಲ್ಲ. ಅಲ್ಪಪ್ರಾಣ, ಮಹಾಪ್ರಾಣ ಈಗಲೂ ತಪ್ಪುತ್ತವೆ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಪಟ್ಟಿ ಇಟ್ಟಿದ್ದೇನೆ, ನಲವತ್ತಕ್ಕೂ ಜಾಸ್ತಿ ಪದಗಳಿವೆ, ಬರೆದಾದ ಮೇಲೆ ಒಂದೊಂದನ್ನೂ ಹುಡುಕಿ ತಿದ್ದುತ್ತೇನೆ. ಶುರು ಮಾಡುವುದು ಗೊತ್ತು, ನಿಲ್ಲಿಸುವುದು ಇನ್ನೂ ಸರಿಯಾಗಿ ಗೊತ್ತಿಲ್ಲ. ಯಾವಾಗಲೂ ಕೊನೆಗೆ ಒಂದು ನೀತಿ ಹೇಳಬೇಕು ಅನ್ನಿಸುತ್ತದೆ. ಪ್ರಬಂಧ ಸ್ಪರ್ಧೆಯ ಅಭ್ಯಾಸ ಅದು.

ಈಗ ಕೊನೆಯ ಬರಹದ ವಿಷಯ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಬೇಸಿಗೆಯ ಒಂದು ಬೆಳೆ ಹೋಯಿತು. ನಾಲ್ಕನೇ ಜ್ವರ ಎದ್ದು ಚೆನ್ನಾಗಿ ಮೇಯುತ್ತಿದ್ದ ಹುಳಕ್ಕೆ ಹಾಲುತೊಂಡೆ ಬಂತು. ಹುಳದ ಮೈ ಊದಿಕೊಂಡು, ಹಳದಿಗೆ ತಿರುಗಿ, ಒಂದೆಡೆ ನಿಲ್ಲದೆ ತಟ್ಟೆಯ ಅಂಚಿಗೆ ಹರಿದಾಡುತ್ತದೆ. ಚರ್ಮ ಒಡೆದರೆ ಹಾಲಿನ ಥರ ನೀರು ಬರುತ್ತದೆ, ಅದು ತಾಗಿದ ಸೊಪ್ಪು ತಿಂದ ಹುಳಕ್ಕೂ ರೋಗ. ಮೊದಲ ದಿನ ಅಮ್ಮ ಒಂದೊಂದನ್ನೇ ಆರಿಸಿ ತೆಗೆದಳು. ಮೂರನೇ ದಿನ ಆರಿಸಲು ಏನೂ ಉಳಿದಿರಲಿಲ್ಲ. ಅಪ್ಪ ತೋಟದ ಮೂಲೆಯಲ್ಲಿ ಗುಂಡಿ ತೋಡಿದರು. ನೂರು ಮೊಟ್ಟೆಯ ಹುಳವನ್ನೂ ಅದರಲ್ಲಿ ಹಾಕಿ ಸುಣ್ಣ ಸುರಿದು ಮುಚ್ಚಿದರು.

ಮೊದಲು ಬರೆದಾಗ ಇದಕ್ಕೆ ನಾನು ಕೊಟ್ಟದ್ದು ಒಂದು ಸಾಲು: "ನಮ್ಮ ಕುಟುಂಬಕ್ಕೆ ತುಂಬಲಾರದ ನಷ್ಟವುಂಟಾಯಿತು." ಎರಡನೇ ಸಲ ಗುಂಡಿ, ಸುಣ್ಣ ಬಂತು. ಮೂರನೇ ಸಲ ಬರೆಯುವಾಗ ಆವತ್ತಿನ ರಾತ್ರಿ ನೆನಪಾಯಿತು. ಯಾರಿಗೂ ಹೇಳಿರಲಿಲ್ಲ, ನಾನೇ ಮರೆತಿದ್ದೆ ಅಂದುಕೊಂಡಿದ್ದೆ. ನೆನಪಾದಷ್ಟನ್ನು ಬರೆದೆ. ಸಂಜೆ ಅಮ್ಮ ತಟ್ಟೆಗಳನ್ನೆಲ್ಲ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆದು ಗೋಡೆಗೆ ಒರಗಿಸಿದಳು. ಊಟ ಮಾಡಿ ಎಲ್ಲರೂ ಮಲಗಿದೆವು. ಹತ್ತು ಗಂಟೆಗೆ ಅಮ್ಮ ಎದ್ದಳು. ಬ್ಯಾಟ್ರಿ ಹುಡುಕಿ, ಸೆರಗು ಸಿಕ್ಕಿಸಿಕೊಂಡು, ಚಪ್ಪಲಿ ಬಾಗಿಲ ಹೊರಗೇ ಬಿಟ್ಟು, ಹುಳದ ಮನೆ ಬಾಗಿಲು ತೆಗೆದಳು. ಸೊಪ್ಪು ಹಾಕುವ ಹೊತ್ತು ಅದು. ಒಳಗೆ ಏನೂ ಇಲ್ಲ ಅಂತ ಆಗ ನೆನಪಾಯಿತೋ ಏನೋ, ಹೊಸ್ತಿಲ ಮೇಲೆ ಕೂತಳು. ಬ್ಯಾಟ್ರಿ ಆರಿಸಿದಳು.

ಇಷ್ಟೇ ಬರೆದು ನಿಲ್ಲಿಸಿದೆ. ಅಮ್ಮನಿಗೆ ಹೇಗನ್ನಿಸಿತು ಅಂತ ಬರೆಯಲಿಲ್ಲ, ಯಾಕೆಂದರೆ ನನಗೆ ಗೊತ್ತಿರಲಿಲ್ಲ. ಮೊದಲಾಗಿದ್ದರೆ ಅಲ್ಲೊಂದು ದೊಡ್ಡ ಪದ ಬರುತ್ತಿತ್ತು.

ತರಗತಿಯಲ್ಲಿ ಓದುವ ಮುಂಚೆ ಅಮ್ಮನಿಗೆ ಓದಿ ಹೇಳಬೇಕು ಅನ್ನಿಸಿತು. ಅಮ್ಮ ಐದನೇ ಕ್ಲಾಸು ಓದಿದವಳು, ಆದರೂ ನಾನು ಬರೆದದ್ದನ್ನು ಯಾವತ್ತೂ ತಾನಾಗಿ ಕೇಳಿದವಳಲ್ಲ. ಆವತ್ತು ಚಂದ್ರಿಕೆಯಿಂದ ಗೂಡು ಬಿಡಿಸುತ್ತಾ ಜಗುಲಿ ಮೇಲೆ ಕೂತಿದ್ದಳು. ಎದುರು ಕೂತು ಓದಿದೆ. ಗುಂಡಿಯ ಭಾಗ ಬಂದಾಗಲೂ ಕೈ ನಿಲ್ಲಲಿಲ್ಲ. ಕೊನೆಯದನ್ನು ಓದುವಾಗ ಒಂದು ಗೂಡನ್ನು ಬೆರಳಲ್ಲಿ ಹಿಡಿದು ಮೇಲಿನ ಜುಂಗು ಕೀಳುತ್ತಾ ಹಾಗೇ ಇದ್ದಳು.

"ಹತ್ತು ಅಲ್ಲ, ಹನ್ನೊಂದು" ಅಂದಳು. "ಕೊನೇ ಸೊಪ್ಪು ಹಾಕ್ತಿದ್ದಿದ್ದು ಹನ್ನೊಂದಕ್ಕೆ."

ಹತ್ತನ್ನು ಹೊಡೆದು ಹನ್ನೊಂದು ಅಂತ ಬರೆದೆ.

ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ನೀನು ಎಚ್ಚರ ಇದ್ಯಾ ಆವತ್ತು?"

"ಇದ್ದೆ" ಅಂದೆ.

ಅಮ್ಮ ಆ ಗೂಡನ್ನು ಬುಟ್ಟಿಗೆ ಹಾಕಿ, ಚಂದ್ರಿಕೆಯನ್ನು ನನ್ನ ಕಡೆಗೂ ಸ್ವಲ್ಪ ಸರಿಸಿದಳು.